ತಾತ ಕಡಿದ ದಾರಿ: ಮುಳಬಾಗಿಲಿನಿಂದ ಜೋಜಿ ಲಾವರೆಗೆ

ಮೊದಲನೆಯ ದಿನ: ಮುಳಬಾಗಿಲು, ಹಲಸೂರು

ನಮ್ಮ ತಾತನ ಎಡಗಾಲಿನಲ್ಲಿ ಮೂರೇ ಬೆರಳುಗಳಿದ್ದವು. ಮಳೆ ಬಿದ್ದ ಮರುದಿನ ಹೊಲದ ಬದುವಿನ ಮೇಲೆ ಆ ಮೂರು ಬೆರಳಿನ ಹೆಜ್ಜೆ ಮೂಡಿದ್ದರೆ, ಅವರು ಎಲ್ಲರಿಗಿಂತ ಮೊದಲೇ ಎದ್ದು ಬಂದು, ನೀರು ಎಲ್ಲಿ ನಿಂತಿದೆ, ಮಣ್ಣು ಎಲ್ಲಿ ಕೊಚ್ಚಿಹೋಗಿದೆ ಎಂಬುದನ್ನು ನೋಡಿಕೊಂಡು ಹೋಗಿದ್ದಾರೆಂದು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಅವರು 1948ರ ನವೆಂಬರ್‌ನಲ್ಲಿ, ಪಾಕಿಸ್ತಾನದೊಡನೆ ನಡೆದ ಮೊದಲ ಯುದ್ಧದಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಜೋಜಿ ಲಾ ಕಣಿವೆಯ ಹಿಮದಲ್ಲಿ ಕಳೆದುಕೊಂಡಿದ್ದರು. ಚಿಕ್ಕವರಾಗಿದ್ದಾಗ ನಾವು ಆ ಕಾಲನ್ನು ಮುಟ್ಟಿ ನೋಡುತ್ತಿದ್ದೆವು, ಅವರು ಬೇಡವೆನ್ನುತ್ತಿರಲಿಲ್ಲ.

ಹವಾಲ್ದಾರರಾಗಿ 1958ರಲ್ಲಿ ನಿವೃತ್ತರಾಗಿ ಊರಿಗೆ ಮರಳಿ, ಆಮೇಲೆ ಮೂವತ್ತೆಂಟು ವರ್ಷ ಬೇಸಾಯ ಮಾಡಿ, 1996ರಲ್ಲಿ ತೀರಿಕೊಂಡ ತಾತ ತಮ್ಮ ಜೀವಮಾನದಲ್ಲಿ ಒಂದೇ ಒಂದು ಪ್ರವಾಸದ ಆಸೆಯನ್ನು ಬಾಯಿಬಿಟ್ಟು ಹೇಳಿದ್ದರು. ಅದು ಕಾಶಿಗಾಗಲಿ ರಾಮೇಶ್ವರಕ್ಕಾಗಲಿ ಹೋಗಬೇಕೆಂಬ ಆಸೆಯಾಗಿರಲಿಲ್ಲ. ಬಾಲ್ತಾಲ್‌ನಿಂದ ಜೋಜಿ ಲಾಕ್ಕೆ ಏರುವ ದಾರಿಯಲ್ಲಿ ತಾವು ಕಟ್ಟಿದ ಕಲ್ಲುಗೋಡೆ ನಿಂತಿದೆಯೋ ಬಿದ್ದಿದೆಯೋ ಒಮ್ಮೆ ನೋಡಿಕೊಂಡು ಬರಬೇಕು ಎಂಬುದಷ್ಟೇ ಅವರ ಮಾತು. ಒಂದು ವರ್ಷ ರಾಗಿ ಕೊಯ್ಲು, ಇನ್ನೊಂದು ವರ್ಷ ಮಗಳ ಬಾಣಂತನ, ಮತ್ತೊಂದು ವರ್ಷ ಬಾವಿಯ ಹೂಳು ಎಂದು ಅದು ಮುಂದಕ್ಕೆ ಹೋಗುತ್ತಲೇ ಇದ್ದು ಕೊನೆಗೆ ನಡೆಯಲೇ ಇಲ್ಲ. ಈಗ ಅರವತ್ತೆಂಟು ವರ್ಷವಾಗಿರುವ ಚಿಕ್ಕಪ್ಪ, ಮಂಡಿನೋವು ಇನ್ನೂ ಹೆಚ್ಚಾಗುವ ಮೊದಲು ಹೋಗಿಬಿಡೋಣ ಎಂದು ಹಟ ಹಿಡಿದದ್ದರಿಂದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾವಿಬ್ಬರೂ ಹೊರಟೆವು.

ಹೊರಡುವ ಬೆಳಿಗ್ಗೆ ಚಿಕ್ಕಪ್ಪ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಮಾಜಿ ಸೈನಿಕರೆಂದು ತಾತನಿಗೆ ದರಖಾಸ್ತಿನಲ್ಲಿ ಸಿಕ್ಕಿದ ಎರಡೂವರೆ ಎಕರೆ ಅದು. ಸಾಗುವಳಿ ಚೀಟಿ ಕೈಗೆ ಬರಲು ಅವರು ಒಂದು ಕಚೇರಿಗೆ ನಾಲ್ಕು ವರ್ಷ ಅಲೆದರು. ಚೀಟಿ ಬಂದಾಗ ಅದರಲ್ಲಿದ್ದದ್ದು ಬಂಡೆ, ಗುಂಡುಕಲ್ಲು ಮತ್ತು ಲಂಟಾನ. ಮುಳಬಾಗಿಲಿನ ಸುತ್ತಲಿನ ನೆಲವೇ ಹಾಗೆ, ಮಣ್ಣಿಗಿಂತ ಕಲ್ಲು ಮೊದಲು ಸಿಗುತ್ತದೆ. ಊರಿನವರು ಈ ನೆಲದಲ್ಲಿ ಹುರುಳಿಯೂ ಆಗುವುದಿಲ್ಲ ಎಂದಿದ್ದರಂತೆ. ಅದೇ ಕಲ್ಲನ್ನು ಒಡೆದು, ಇಳಿಜಾರಿಗೆ ಅಡ್ಡಲಾಗಿ ಐದು ಸಾಲು ಗೋಡೆ ಕಟ್ಟಿ, ಕೆರೆಯ ಗೋಡನ್ನು ಗಾಡಿಯಲ್ಲಿ ತಂದು ಸುರಿದು, ಏಳನೆಯ ವರ್ಷಕ್ಕೆ ತಾತ ಅಲ್ಲಿ ರಾಗಿ ಬೆಳೆದರು. ಆಗಸ್ಟ್‌ನ ಮಳೆಗೆ ಮೂರನೆಯ ಸಾಲಿನ ಗೋಡೆ ಹತ್ತು ಅಡಿಯಷ್ಟು ಕುಸಿದಿತ್ತು. ಚಿಕ್ಕಪ್ಪ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, “ಬಂದಮೇಲೆ ನೋಡ್ಕೊಳ್ಳೋಣಮ್ಮ” ಎಂದರು.

ಮಧ್ಯಾಹ್ನ ಬೆಂಗಳೂರು ತಲುಪಿ, ವಿಮಾನ ಮರುದಿನ ಬೆಳಗಿನದಾದ್ದರಿಂದ, ಸಂಜೆ ಹಲಸೂರು ಕೆರೆಯ ದಂಡೆಗೆ ಹೋದೆವು. ಕೆರೆಯ ಪಕ್ಕದಲ್ಲಿರುವುದು ಮದ್ರಾಸ್ ಇಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ. ತಮ್ಮ ಹುಟ್ಟನ್ನು 1780ಕ್ಕೆ ಲೆಕ್ಕ ಹಾಕುವ ಈ ಪಡೆಯ ಜವಾನರನ್ನು ಸೇನೆಯಲ್ಲಿ ‘ತಂಬಿ’ ಎಂದು ಕರೆಯುತ್ತಾರೆ. ತಮಿಳು, ತೆಲುಗು, ಕನ್ನಡ, ಮಲಯಾಳಂ ಮಾತಾಡುವ ಹುಡುಗರೆಲ್ಲರೂ ಇಲ್ಲಿ ತಂಬಿಗಳೇ. ಸೇನೆ ನಡೆಯಬೇಕಾದ ಕಡೆ ದಾರಿ ಮಾಡುವುದು, ಹೊಳೆಗೆ ಸೇತುವೆ ಹಾಕುವುದು, ಎದುರಾಳಿ ಹುಗಿದ ಮದ್ದನ್ನು ತೆಗೆಯುವುದು ಸ್ಯಾಪರ್‌ಗಳ ಕೆಲಸ. ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿ ತೆರೆಯುವ, ಜಗತ್ತಿನ ಸೇನೆಗಳೆಲ್ಲ ‘ಬ್ಯಾಂಗಲೋರ್ ಟಾರ್ಪೆಡೊ’ ಎಂದು ಕರೆಯುವ ಮದ್ದು ತುಂಬಿದ ಕೊಳವೆಯನ್ನು 1912ರಲ್ಲಿ ರೂಪಿಸಿದವರು ಈ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್. ನಮ್ಮೂರಿನ ಹೆಸರಿರುವ ಮದ್ದು ಬೇರೆ ದೇಶಗಳಲ್ಲೂ ಸಿಡಿಯುತ್ತದೆ ಎಂದು ತಾತ ನಮಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

ಹತ್ತೊಂಬತ್ತು ವರ್ಷದ ತಾತ 1942ರಲ್ಲಿ ಮುಳಬಾಗಿಲಿನಿಂದ ನಡೆದು, ಗಾಡಿ ಹತ್ತಿ, ಮತ್ತೆ ನಡೆದು ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ಏಳು ಜನ ಉಣ್ಣುವವರು, ಎರಡು ವರ್ಷದಿಂದ ಮಳೆಯಿಲ್ಲ. ದೇಶಭಕ್ತಿ ಆಮೇಲೆ ಬಂತು, ಮೊದಲು ಹಸಿವು ಕರೆತಂದಿತು ಎಂದು ಅವರೇ ಹೇಳುತ್ತಿದ್ದರು. ಚಿಕ್ಕಪ್ಪನ ಚೀಲದಲ್ಲಿ ಅವರ ಡಿಸ್ಚಾರ್ಜ್ ಪುಸ್ತಕವಿತ್ತು. ಅಂಗೈ ಅಗಲದ, ಅಂಚು ಸವೆದ ಆ ಪುಸ್ತಕದಲ್ಲಿ ಹೆಸರು, ಊರು, ಎದೆಯ ಸುತ್ತಳತೆ, ಬಲಗೆನ್ನೆಯ ಮಚ್ಚೆ ಎಲ್ಲ ಬರೆದಿದೆ. ಕಸುಬು ಎಂಬಲ್ಲಿ ‘ಮೇಸನ್’ ಎಂದಿದೆ. ನಡತೆ ಎಂಬಲ್ಲಿರುವ ಒಂದೇ ಪದವನ್ನು, ‘ಎಕ್ಸೆಂಪ್ಲರಿ’ (ಇತರರಿಗೆ ಮಾದರಿ) ಎಂಬುದನ್ನು, ಅಕ್ಷರ ಬಾರದ ಅಜ್ಜಿ ಬೆರಳಿಟ್ಟು ತೋರಿಸಿ ಬಂದವರಿಂದ ಓದಿಸುತ್ತಿದ್ದರು.

ಎರಡನೆಯ ದಿನ: ಶ್ರೀನಗರ

ಮಧ್ಯಾಹ್ನದ ಹೊತ್ತಿಗೆ ಶ್ರೀನಗರದಲ್ಲಿ ಇಳಿದೆವು. ಈ ವಿಮಾನ ನಿಲ್ದಾಣವಿರುವ ಬಡ್ಗಾಮ್ ಕಡೆಯ ಬಯಲಿನಲ್ಲಿಯೇ 1947ರ ನವೆಂಬರ್ 3ರಂದು ಮೇಜರ್ ಸೋಮನಾಥ್ ಶರ್ಮಾ ಮತ್ತು ಅವರ ತುಕಡಿ ಎದುರಾಳಿಗಳನ್ನು ತಡೆದು ನಿಂತದ್ದು. ಆ ನಿಲ್ದಾಣ ಕೈತಪ್ಪಿದ್ದರೆ ಮುಂದಿನ ವರ್ಷ ಜೋಜಿ ಲಾದ ಮಾತೇ ಇರುತ್ತಿರಲಿಲ್ಲ. ಅವರಿಗೆ ಮರಣೋತ್ತರವಾಗಿ ದೇಶದ ಮೊದಲ ಪರಮವೀರ ಚಕ್ರ ಸಂದಿತು. ದಾಲ್ ಸರೋವರವನ್ನು ಕಾರಿನಿಂದಲೇ ನೋಡಿದೆವು. ಚಿಕ್ಕಪ್ಪನಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ, ಮರುದಿನದ ದಾರಿ ತೆರೆದಿದೆಯೇ ಎಂಬುದೊಂದೇ ಅವರ ಚಿಂತೆ. ರಾತ್ರಿ ತಂದಿದ್ದ ಹುರಿಹಿಟ್ಟು ತಿಂದು ಬೇಗ ಮಲಗಿದೆವು.

ಮೂರನೆಯ ದಿನ: ಸೋನಾಮಾರ್ಗ್, ಬಾಲ್ತಾಲ್

ಶ್ರೀನಗರದಿಂದ ಸೋನಾಮಾರ್ಗ್‌ಗೆ ಸುಮಾರು 80 ಕಿಲೋಮೀಟರ್. ಗಾಂದರ್‌ಬಲ್, ಕಂಗನ್, ಗುಂಡ್ ದಾಟುತ್ತ ದಾರಿಯುದ್ದಕ್ಕೂ ಸಿಂಧ್ ನದಿ ಜೊತೆಗಿರುತ್ತದೆ. ಇದು ಪಾಕಿಸ್ತಾನಕ್ಕೆ ಹರಿಯುವ ದೊಡ್ಡ ಸಿಂಧೂ ನದಿಯಲ್ಲ, ಝೇಲಂ ಸೇರುವ ಬೇರೆಯದೇ ಹೊಳೆ. ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಹಿಂದೆ ಹಿಮಕುಸಿತಕ್ಕೆ ಹೆಸರಾಗಿದ್ದ ಗಗನ್‌ಗೀರ್‌ನ ತಿರುವುಗಳನ್ನು ಈಗ 2025ರ ಜನವರಿಯಲ್ಲಿ ಉದ್ಘಾಟನೆಯಾದ ಆರೂವರೆ ಕಿಲೋಮೀಟರ್ ಸುರಂಗ ತಪ್ಪಿಸುತ್ತದೆ. ಸುರಂಗದೊಳಗೆ ದೀಪಗಳ ಸಾಲನ್ನು ನೋಡುತ್ತ ಚಿಕ್ಕಪ್ಪ, “ನಿಮ್ ತಾತ ಇದನ್ನ ನೋಡ್ಬೇಕಾಗಿತ್ತು ನೋಡಮ್ಮ, ಮದ್ದು ಎಷ್ಟು ಹಿಡೀತು ಅಂತ ಲೆಕ್ಕ ಕೇಳ್ತಿದ್ರು” ಎಂದರು.

ಬಾಲ್ತಾಲ್‌ನಲ್ಲಿ ಅಮರನಾಥ ಯಾತ್ರೆಯ ಡೇರೆಗಳು ಎತ್ತಿಹೋಗಿ ಬಯಲು ಖಾಲಿಯಾಗಿತ್ತು. ಅಲ್ಲಿ ನಿಂತು ತಲೆ ಎತ್ತಿದರೆ ಬೂದುಬಣ್ಣದ ಗೋಡೆಯಂಥ ಬೆಟ್ಟ, ಅದರ ಮೈಮೇಲೆ ಗೀಟು ಎಳೆದಂತೆ ರಸ್ತೆ, ರಸ್ತೆಯ ಮೇಲೆ ಇರುವೆಸಾಲಿನಂತೆ ಲಾರಿಗಳು. ನಾನು ಚಿಕ್ಕಂದಿನಿಂದ ಕೇಳಿದ ಕಥೆಯೆಲ್ಲ ಇದೊಂದು ಬೆಟ್ಟದ ಮೈಯ ಮೇಲೆ ನಡೆದದ್ದು.

1948ರ ಬೇಸಿಗೆಯಲ್ಲಿ ದ್ರಾಸ್, ಕಾರ್ಗಿಲ್ ಎರಡೂ ಎದುರಾಳಿಗಳ ವಶವಾಗಿ, ಜೋಜಿ ಲಾ ಕೂಡ ಅವರ ಕೈಸೇರಿ, ಶ್ರೀನಗರದಿಂದ ಲೇಹ್‌ಗೆ ಇದ್ದ ಒಂದೇ ನೆಲದ ದಾರಿ ಮುಚ್ಚಿಹೋಯಿತು. ತಿಂಗಳುಗಟ್ಟಲೆ ಮುತ್ತಿಗೆಯಲ್ಲಿದ್ದ ಸ್ಕರ್ದು ಕೋಟೆ ಆಗಸ್ಟ್ 14ರಂದು ಬಿದ್ದಿತು. ಆ ವಲಯದ ಹೊಣೆ ಹೊತ್ತಿದ್ದವರು 19ನೆಯ ಡಿವಿಷನ್ನಿನ ಮೇಜರ್ ಜನರಲ್ ತಿಮ್ಮಯ್ಯ. ಅವರ ಮೇಲೆ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದವರು ಲೆಫ್ಟಿನೆಂಟ್ ಜನರಲ್ ಕಾರಿಯಪ್ಪ. ಇಬ್ಬರೂ ಕೊಡಗಿನವರು. ಸೆಪ್ಟೆಂಬರ್‌ನಲ್ಲಿ 77ನೆಯ ಪ್ಯಾರಾ ಬ್ರಿಗೇಡ್ ಕಣಿವೆಯನ್ನು ಹಿಡಿಯಲು ನಡೆಸಿದ ದಾಳಿಗಳು ಫಲಿಸಲಿಲ್ಲ, ಏಕೆಂದರೆ ಎರಡೂ ಬದಿಯ ಬಂಡೆಗಳ ಸಂದಿಯಿಂದ ಮೆಷಿನ್‌ಗನ್ನುಗಳು ಬಾಯಿ ತೆರೆದರೆ ಕಾಲಾಳಿಗೆ ಅಡಗಲು ಜಾಗವೇ ಇರಲಿಲ್ಲ. ಆಗ ತಿಮ್ಮಯ್ಯನವರು ಟ್ಯಾಂಕುಗಳನ್ನು ಮೇಲೇರಿಸುವುದೆಂದು ತೀರ್ಮಾನಿಸಿದರು. ಅಷ್ಟು ಎತ್ತರದಲ್ಲಿ ಜಗತ್ತಿನ ಯಾವ ಸೇನೆಯೂ ಅಲ್ಲಿಯವರೆಗೆ ಟ್ಯಾಂಕ್ ಹೂಡಿರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲುಗೋಪುರವನ್ನು ಬಿಚ್ಚಿ, ಟಾರ್ಪಾಲು ಹೊದಿಸಿ, ಯಾರಿಗೂ ಸುಳಿವು ಸಿಗದ ಹಾಗೆ ಜಮ್ಮುವಿನ ಕಡೆಯಿಂದ ಇಲ್ಲಿಗೆ ತಂದರು.

ಆದರೆ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಸ್ಟುವರ್ಟ್ ಟ್ಯಾಂಕು ಏಳು ಅಡಿಗೂ ಹೆಚ್ಚು ಅಗಲ, ಸುಮಾರು 15 ಟನ್ ತೂಕ. ಹೇಸರಗತ್ತೆಯ ಆ ದಾರಿಯನ್ನು ಟ್ಯಾಂಕಿನ ದಾರಿಯಾಗಿ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಮತ್ತು ಆ ನೂರಾರು ತಂಬಿಗಳಲ್ಲಿ ನಮ್ಮ ತಾತ ಒಬ್ಬರು. ಯುದ್ಧದ ಕಥೆ ಹೇಳುವಾಗ ಜನ ಟ್ಯಾಂಕಿನಿಂದ ಶುರುಮಾಡುತ್ತಾರೆ. ನನಗೆ ಅದು ಅನ್ಯಾಯವೆನಿಸುತ್ತದೆ. ಟ್ಯಾಂಕು ಏರುವ ಮೊದಲು ಯಾರೋ ಆ ಕಲ್ಲನ್ನು ಕೈಯಿಂದ ಒಡೆದಿದ್ದರು.

ಕೆಲಸ ಹೇಗಿತ್ತೆಂದು ತಾತ ಹೇಳಿದ್ದನ್ನು ಚಿಕ್ಕಪ್ಪ ಆ ಬಯಲಿನಲ್ಲಿ ನಿಂತು ಮತ್ತೊಮ್ಮೆ ಹೇಳಿದರು. ಒಬ್ಬ ಉಳಿ ಹಿಡಿದು ಕೂರಬೇಕು, ಒಬ್ಬ ದೊಡ್ಡ ಸುತ್ತಿಗೆ ಬೀಸಬೇಕು. ಪ್ರತಿ ಏಟಿಗೂ ಉಳಿಯನ್ನು ಕಾಲುಸುತ್ತು ತಿರುಗಿಸದಿದ್ದರೆ ಅದು ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ದೀಪವಿಲ್ಲದೆ ಕೆಲಸ ಮಾಡುವಾಗ ಸುತ್ತಿಗೆಯವನು ಉಳಿಯನ್ನು ನೋಡುವುದಿಲ್ಲ, ಹಿಡಿದವನ ಉಸಿರು ಕೇಳಿ ಬೀಸುತ್ತಾನೆ. ತೂತು ಮೊಣಕೈ ಆಳವಾದ ಮೇಲೆ ಮದ್ದು ತುಂಬಿ, ಮಣ್ಣು ಜಡಿದು, ಬತ್ತಿ ಹಚ್ಚಿ ಓಡಬೇಕು. ಆ ಎತ್ತರದಲ್ಲಿ ಹತ್ತು ಹೆಜ್ಜೆ ಓಡಿದರೆ ಎದೆ ಹಿಡಿದುಕೊಳ್ಳುತ್ತದೆ. ಸಿಡಿದ ಕಲ್ಲನ್ನು ಎಸೆಯುವ ಹಾಗಿಲ್ಲ, ಅದನ್ನೇ ಕಣಿವೆಯ ಕಡೆಗೆ ಜೋಡಿಸಿ ರಸ್ತೆಯ ಅಂಚಿಗೆ ಗೋಡೆ ಕಟ್ಟಬೇಕು. ಮೇಸನ್ ಆಗಿದ್ದ ತಾತನ ಪಾಲಿಗೆ ಬಂದದ್ದು ಆ ಗೋಡೆ.

ನಾಲ್ಕನೆಯ ದಿನ: ಜೋಜಿ ಲಾ, ಗುಮ್ರಿ, ದ್ರಾಸ್

ಘಾಟಿಯಲ್ಲಿ ವಾಹನಗಳನ್ನು ಒಂದು ಹೊತ್ತು ಮೇಲಕ್ಕೆ, ಇನ್ನೊಂದು ಹೊತ್ತು ಕೆಳಕ್ಕೆ ಬಿಡುವುದರಿಂದ ಬೆಳಗಿನ ಜಾವವೇ ಸಾಲಿನಲ್ಲಿ ನಿಂತೆವು. ಬೆಟ್ಟದ ಅಡಿಯಲ್ಲಿ ಹದಿಮೂರು ಕಿಲೋಮೀಟರ್ ಉದ್ದದ ಜೋಜಿ ಲಾ ಸುರಂಗದ ಕೆಲಸ ನಡೆಯುತ್ತಿದೆ. ಅದು ಮುಗಿದ ಮೇಲೆ ಹೆಚ್ಚಿನವರು ಈ ಘಾಟಿಯನ್ನು ಏರಲಾರರು. ಮೊದಲ ತಿರುವಿನಲ್ಲೇ ಚಿಕ್ಕಪ್ಪ ಕಿಟಕಿಯ ಪಕ್ಕಕ್ಕೆ ಸರಿದು ಕುಳಿತರು. ಭೂರ್ಜ ವೃಕ್ಷಗಳು ಹಿಂದುಳಿದವು. ಒಂದು ಬದಿಗೆ ಸಾವಿರಾರು ಅಡಿ ಪ್ರಪಾತ, ಇನ್ನೊಂದು ಬದಿಗೆ ಕೈಚಾಚಿದರೆ ತಾಗುವ ಬಂಡೆ, ನಡುವೆ ಡಾಂಬರಿಲ್ಲದೆ ಕೆಸರಾದ ರಸ್ತೆ.

ಎಷ್ಟೋ ಸಲ ಅಗಲಗೊಂಡು, ಸಾಲು ಬದಲಾಗಿ, ಹಿಮದಲ್ಲಿ ಕುಸಿದು ಮತ್ತೆ ಕಟ್ಟಲ್ಪಟ್ಟ ಈ ರಸ್ತೆಯಲ್ಲಿ ತಾತನ ಗೋಡೆಯನ್ನು ಗುರುತಿಸುವುದು ಸಾಧ್ಯವಿಲ್ಲವೆಂದು ನಮಗೆ ಬರುವಾಗಲೇ ಗೊತ್ತಿತ್ತು. ಆದರೂ ಒಂದು ತಿರುವಿನಲ್ಲಿ ಮುಂದಿನ ಲಾರಿ ಕೆಟ್ಟು ನಿಂತು ಅರ್ಧ ಗಂಟೆ ಕಾಯಬೇಕಾಗಿ ಬಂದಾಗ ಚಿಕ್ಕಪ್ಪ ಇಳಿದು, ರಸ್ತೆಯ ಕೆಳಗೆ ಬಗ್ಗಿ ನೋಡಿ, ನನ್ನನ್ನು ಕೂಗಿದರು. ಹತ್ತಿಪ್ಪತ್ತು ಅಡಿ ಕೆಳಗೆ, ಈಗ ಯಾರೂ ಬಳಸದ ಹಳೆಯ ಸಾಲೊಂದರ ತುಂಡು ಕಾಣುತ್ತಿತ್ತು. ಅದರ ಅಂಚಿಗೆ ಗಾರೆಯಿಲ್ಲದೆ ಕಟ್ಟಿದ, ನನ್ನ ಎದೆಯಷ್ಟು ಎತ್ತರದ ಕಲ್ಲುಗೋಡೆ. ಕಲ್ಲುಗಳು ಹೊರಕ್ಕೆ ವಾಲದೆ ಬೆಟ್ಟದ ಕಡೆಗೆ ತುಸು ಒರಗಿದ್ದವು. ಎರಡು ಮೂರು ಸಾಲಿಗೊಮ್ಮೆ ಒಂದು ಉದ್ದ ಕಲ್ಲು ತಲೆ ಮಾತ್ರ ಹೊರಗಿಟ್ಟು ಗೋಡೆಯ ಆಳಕ್ಕೆ ಹೋಗಿತ್ತು. ಕೆಳಗಿನ ಸಾಲಿನಲ್ಲಿ, ಒಂದು ಮಾರಿಗೊಂದರಂತೆ, ಮುಷ್ಟಿ ತೂರುವಷ್ಟು ಕಂಡಿಗಳು. ಒಂದು ಕಂಡಿಯಿಂದ ನೀರು ಜಿನುಗಿ, ಅದರ ಬಾಯಲ್ಲಿ ಬೆಳೆದ ಹಸಿರು ಪಾಚಿಯ ಮೇಲೆ ಹನಿಹನಿಯಾಗಿ ಇಳಿಯುತ್ತಿತ್ತು.

ನಮ್ಮ ಹೊಲದ ಐದು ಗೋಡೆಗಳೂ ಹೀಗೆಯೇ ಇವೆ. ನೀರು ಗೋಡೆಯ ಹಿಂದೆ ನಿಂತರೆ ಮಣ್ಣು ಉಬ್ಬಿ ಕಲ್ಲನ್ನು ತಳ್ಳುತ್ತದೆ, ಹಿಮವಾದರೆ ಇನ್ನೂ ಬಲವಾಗಿ ತಳ್ಳುತ್ತದೆ. ಆದ್ದರಿಂದ ಮೊದಲು ನೀರಿಗೆ ದಾರಿ ಬಿಡು, ಆಮೇಲೆ ಗೋಡೆ ಕಟ್ಟು ಎಂದು ತಾತ ಹತ್ತು ವರ್ಷದ ಚಿಕ್ಕಪ್ಪನ ಕೈಗೆ ಕಲ್ಲು ಕೊಟ್ಟು ಕಲಿಸಿದ್ದರು. ಹಿಮವನ್ನೇ ಕಾಣದ ಮುಳಬಾಗಿಲಿನ ಹುಡುಗನಿಗೆ ಹಿಮದ ಮಾತೇಕೆ ಎಂದು ಅವರಿಗೆ ಆಗ ಅರ್ಥವಾಗಿರಲಿಲ್ಲವಂತೆ. ಆ ಗೋಡೆ ತಾತನದೇ ಎಂದು ನಾನು ಹೇಳುವುದಿಲ್ಲ, ಚಿಕ್ಕಪ್ಪನೂ ಹೇಳಲಿಲ್ಲ. ಆಮೇಲೆ ಬಂದ ಎಷ್ಟೋ ರಸ್ತೆಪಡೆಗಳಲ್ಲಿ ಯಾರಾದರೂ ಕಟ್ಟಿರಬಹುದು. ಅವರು ಕಣ್ಣೊರೆಸಿಕೊಂಡು, “ಕೈ ಒಂದೇನಮ್ಮ, ಕಲಿಸಿದೋರು ಒಬ್ರೇ” ಎಂದಷ್ಟೇ ಅಂದರು. ಜಾರ್ಖಂಡ್‌ನಿಂದ ಬಂದ ನಾಲ್ಕೈದು ಯುವಕರು ಅಲ್ಲೇ ಮೇಲೆ ಚರಂಡಿಯ ಕಲ್ಲು ತೆಗೆಯುತ್ತಿದ್ದರು. ಚಿಕ್ಕಪ್ಪ ತಮಗೆ ಬಾರದ ಹಿಂದಿಯಲ್ಲಿ ಅವರನ್ನು ಊಟವಾಯಿತೇ ಎಂದು ಕೇಳಿ, ಚೀಲದಲ್ಲಿದ್ದ ಕಡಲೆಕಾಯಿ ಚಿಕ್ಕಿಯನ್ನೆಲ್ಲ ಕೊಟ್ಟುಬಿಟ್ಟರು.

ಕಣಿವೆಯ ನೆತ್ತಿ 11,575 ಅಡಿ. ಅಲ್ಲಿಂದಾಚೆಗೆ ಒಂದು ಮರವೂ ಇಲ್ಲ. ಹಳದಿಗಟ್ಟಿದ ಹುಲ್ಲಿನ ಗುಮ್ರಿಯ ಬಟ್ಟಲು, ಅದರ ಸುತ್ತ ಬೋಳುಬೆಟ್ಟ. ಹಿಮಪಾತದಿಂದ ಕೆಲವು ದಿನ ಮುಂದಕ್ಕೆ ಹೋದ ದಾಳಿ 1948ರ ನವೆಂಬರ್ 1ರ ಮಧ್ಯಾಹ್ನ ಇಲ್ಲಿ ನಡೆಯಿತು. ತಿಮ್ಮಯ್ಯನವರು ಸ್ವತಃ ಮುಂದಿನ ಟ್ಯಾಂಕಿನಲ್ಲಿ ಕುಳಿತು ಬಂದರು. ಬೆಟ್ಟದ ಸಂದಿಗಳಲ್ಲಿ ಬಂಕರು ಮಾಡಿಕೊಂಡಿದ್ದ ಎದುರಾಳಿಗಳು ಅಲ್ಲಿ ಟ್ಯಾಂಕು ಕಾಣುವ ನಿರೀಕ್ಷೆಯಲ್ಲಿರಲಿಲ್ಲ. ಸಂಜೆಯೊಳಗೆ ಕಣಿವೆ ನಮ್ಮದಾಯಿತು, ನವೆಂಬರ್ ಮಧ್ಯದಲ್ಲಿ ದ್ರಾಸ್, 24ರ ಹೊತ್ತಿಗೆ ಕಾರ್ಗಿಲ್. ಲೇಹ್‌ನ ದಾರಿ ತೆರೆಯಿತು.

ತಿಮ್ಮಯ್ಯನವರನ್ನು ತಾತ ಒಮ್ಮೆ ದೂರದಿಂದ ನೋಡಿದ್ದರು, ಅಷ್ಟೇ. ನಮ್ಮ ಕಡೆಯ ಜನರಲ್ ಜೊತೆ ಮಾತಾಡಿದಿರಾ ಎಂದು ಊರಿನವರು ಕೇಳಿದಾಗಲೆಲ್ಲ ಇಲ್ಲವೆಂದೇ ಹೇಳುತ್ತಿದ್ದರು; ಒಂದು ಸುಳ್ಳನ್ನು ಸೇರಿಸಿದ್ದರೆ ಕಥೆಗೆ ಎಷ್ಟು ಬೆಲೆ ಬರುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ದಾಳಿಯ ಮಧ್ಯಾಹ್ನ ಅವರು ಟ್ಯಾಂಕುಗಳ ಹಿಂದೆ, ಜಾರುವ ಕಡೆಗಳಲ್ಲಿ ಕಲ್ಲು ಹರಡುತ್ತ ನಡೆದಿದ್ದರು. ಬೆರಳು ಹೋದದ್ದು ಆಮೇಲೆ, ಮಾತಾಯನ್ ಕಡೆಗೆ ದಾರಿ ಬಿಡಿಸುವಾಗ. ಹಿಮಕರಗಿದ ನೀರಿನಲ್ಲಿ ತೊಯ್ದ ಕಾಲುಚೀಲವನ್ನು ಬದಲಿಸಲು ಬೇರೆ ಜೊತೆಯಿರಲಿಲ್ಲ. ಚಳಿಗೆ ರಕ್ತ ತುದಿಯವರೆಗೆ ಹರಿಯುವುದು ನಿಂತಾಗ ಮೊದಲು ನೋವಾಗುತ್ತದೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತೆಂದು ತಾತ ಸಮಾಧಾನಪಟ್ಟು ಎರಡು ರಾತ್ರಿ ಕೆಲಸ ಮಾಡಿದರು. ಬೂಟು ಬಿಚ್ಚಿದಾಗ ಎರಡು ಬೆರಳು ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಗುಮ್ರಿಯ ಗಾಳಿಯಲ್ಲಿ ನಿಂತಾಗ, ಸೆಪ್ಟೆಂಬರಿನ ಬಿಸಿಲಿನಲ್ಲೇ, ಎರಡು ಜೊತೆ ಉಣ್ಣೆಯ ಚೀಲ ಹಾಕಿದ್ದ ನನ್ನ ಪಾದಗಳು ಮರಗಟ್ಟತೊಡಗಿದ್ದವು.

ರಾತ್ರಿ ದ್ರಾಸ್‌ನಲ್ಲಿ ತಂಗಿದೆವು. ಚಿಕ್ಕಪ್ಪನಿಗೆ ನಿದ್ದೆ ಹತ್ತಲಿಲ್ಲ. ರಜಾಯಿ ಹೊದ್ದು ಕುಳಿತು ಬಾವಿಯ ಕಥೆ ಹೇಳಿದರು. 1964ರಿಂದ ಮೂರು ಬೇಸಿಗೆ ತಾತ ಅಗೆದ ಕಪಿಲೆ ಬಾವಿ ಅದು, ಮೂವತ್ತೆರಡು ಅಡಿ, ಅದರಲ್ಲಿ ಹದಿನೆಂಟು ಅಡಿ ಬರೀ ಬಂಡೆ. ತಾತ ಸುತ್ತಿಗೆ ಬೀಸಿದರೆ ಉಳಿ ಹಿಡಿದು ಕೂರುತ್ತಿದ್ದವರು ಅಜ್ಜಿ. ಕಲ್ಲು ತುಂಬಿದ ಮಂಕರಿಯನ್ನು ಮೇಲಕ್ಕೆ ಎಳೆಯುತ್ತಿದ್ದವರು ನಮ್ಮಪ್ಪ ಮತ್ತು ಚಿಕ್ಕಪ್ಪ. ಒಂದು ಸಲವೂ ಏಟು ತಪ್ಪಿ ಅಜ್ಜಿಯ ಕೈಗೆ ಬೀಳಲಿಲ್ಲ. ಮೂರನೆಯ ಬೇಸಿಗೆಯ ಒಂದು ಸಂಜೆ ಬಂಡೆಯ ಬಿರುಕಿನಿಂದ ನೀರು ಚಿಮ್ಮಿದಾಗ ತಾತ ಬಾವಿಯ ತಳದಲ್ಲೇ ಕುಳಿತು ಬಹಳ ಹೊತ್ತು ಮೇಲೆ ಬರಲಿಲ್ಲವಂತೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ನಮ್ಮ ಕಡೆ ಆ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಕಪಿಲೆಯ ಎರಡು ಕಲ್ಲುಕಂಬ ಮಾತ್ರ ನಿಂತಿವೆ.

ಐದನೆಯ ದಿನ: ದ್ರಾಸ್, ಕಾರ್ಗಿಲ್

ಬೆಳಿಗ್ಗೆ ತೊಲೊಲಿಂಗ್ ಬೆಟ್ಟದ ಬುಡದಲ್ಲಿರುವ ಯುದ್ಧ ಸ್ಮಾರಕಕ್ಕೆ ಹೋದೆವು. 1999ರಲ್ಲಿ ಇದೇ ಬೆಟ್ಟಗಳ ಮೇಲೆ ಪ್ರಾಣ ಕೊಟ್ಟ 500ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಗೋಡೆಯ ಮೇಲೆ ಕೆತ್ತಲಾಗಿದೆ. ಹಾಲುಗಲ್ಲದ ಹುಡುಗರು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಆ ಯುದ್ಧ ನಡೆಯುವಾಗ ತಾತ ಇರಲಿಲ್ಲ. ಇದ್ದಿದ್ದರೆ ರೇಡಿಯೊದಲ್ಲಿ ದ್ರಾಸ್ ಎಂಬ ಹೆಸರು ಬಂದಾಗಲೆಲ್ಲ ಅವರಿಗೆ ಏನಾಗುತ್ತಿತ್ತೋ ಎಂದು ನಾನು ಆಗಲೂ ಯೋಚಿಸಿದ್ದೆ.

ಮಧ್ಯಾಹ್ನ ಕಾರ್ಗಿಲ್ ತಲುಪಿ ಸುರು ನದಿಯ ಪಕ್ಕದಲ್ಲಿ ಊಟ ಮಾಡಿದೆವು. ಲೇಹ್‌ಗೆ ಹೋಗುವ ಯೋಚನೆ ಇತ್ತು, ಆದರೆ ಚಿಕ್ಕಪ್ಪ ಬೇಡವೆಂದರು. ನೋಡಬೇಕಾದ್ದನ್ನು ನೋಡಿಯಾಗಿತ್ತು.

ಆರನೆಯ ಮತ್ತು ಏಳನೆಯ ದಿನ: ಮರಳಿ ಊರಿಗೆ

ಆರನೆಯ ದಿನ ಇಡೀ ಪ್ರಯಾಣದಲ್ಲಿ ಕಳೆಯಿತು. ಘಾಟಿಯನ್ನು ಇಳಿಯುವಾಗ ಮೋಡ ಕವಿದು ಆ ತಿರುವು ಕಾಣಲಿಲ್ಲ. ಏಳನೆಯ ದಿನ ಸಂಜೆಯ ವಿಮಾನ ಇಳಿದು, ನಡುರಾತ್ರಿ ಮುಳಬಾಗಿಲು ಸೇರಿದೆವು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಚಿಕ್ಕಪ್ಪ ಗಡಾರಿ ಹಿಡಿದು ಹೊಲದಲ್ಲಿದ್ದರು. ಮೂರನೆಯ ಸಾಲಿನ ಗೋಡೆ ಕುಸಿದದ್ದು ಏಕೆಂದು ಅವರಿಗೆ ಈಗ ಸಂದೇಹವಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹಾವು ಸೇರುತ್ತದೆಂದು ಅವರೇ ಆಳಿಟ್ಟು ಕಂಡಿಗಳಿಗೆ ಸಿಮೆಂಟು ಮೆತ್ತಿಸಿದ್ದರು. ಬಿದ್ದ ಕಲ್ಲನ್ನು ಬದಿಗೆ ಸರಿಸಿ, ಉಳಿದ ಸಿಮೆಂಟನ್ನು ಒಡೆದು ತೆಗೆದು, ತಳದಿಂದ ಮತ್ತೆ ಕಟ್ಟತೊಡಗಿದರು. ಉದ್ದ ಕಲ್ಲುಗಳನ್ನು ಆರಿಸಿ ಕೊಡುವುದು ನನ್ನ ಕೆಲಸವಾಯಿತು. ಒಂದು ಮಾರಿಗೊಂದರಂತೆ ಮೂರು ಕಂಡಿ ಬಿಟ್ಟು, ಪ್ರತಿಯೊಂದರಲ್ಲೂ ಮುಷ್ಟಿ ತೂರಿಸಿ ನೋಡಿ, ಸಂಜೆಯ ಹೊತ್ತಿಗೆ ಸೊಂಟದೆತ್ತರ ಏರಿಸಿದರು.

ರಾತ್ರಿ ಮಳೆ ಹುಯ್ಯಿತು. ಬೆಳಿಗ್ಗೆ ಹೋಗಿ ನೋಡಿದಾಗ ಮೂರು ಕಂಡಿಗಳಿಂದಲೂ ಕೆಂಪು ನೀರು ಸಣ್ಣಗೆ ಹರಿದು ಕೆಳಗಿನ ರಾಗಿಯ ಸಾಲಿಗೆ ಸೇರುತ್ತಿತ್ತು, ಮತ್ತು ಬದುವಿನ ಮೇಲೆ ಚಿಕ್ಕಪ್ಪನ ಹೆಜ್ಜೆಗಳು ಆಗಲೇ ಮೂಡಿದ್ದವು.